ಕೋವಿ ಕೆಳಗಿಟ್ಟ ಮೇಲೆ ಬಂದ ಅತಿಥಿಗಳು

ಮೂಡಿಗೆರೆ ಕಡೆ ನಮ್ಮ ತೋಟದಲ್ಲಿ ನಾನೊಂದು ಸಣ್ಣ ಹೋಂಸ್ಟೇ ನಡೆಸುತ್ತೇನೆ. ಹಾಗಾಗಿ ನಾಗಾಲ್ಯಾಂಡಿನ ಖೊನೊಮಾಕ್ಕೆ ಹೋದಾಗ ಬೆಟ್ಟದ ಚೆಲುವಿಗಿಂತ ಅಲ್ಲಿನ ವ್ಯವಹಾರವೇ ನನ್ನನ್ನು ಹೆಚ್ಚು ಕೆಣಕಿತು. ಬಂದವರ ದುಡ್ಡು ಯಾರ ಕೈಸೇರುತ್ತದೆ? ಬೇಡ ಎನ್ನಬೇಕಾದಾಗ ಬೇಡ ಎನ್ನುವವರು ಯಾರು?

ಕೊಹಿಮಾದಿಂದ ಸುಮಾರು 20 ಕಿಲೋಮೀಟರ್ ದೂರದ, ಗುಡ್ಡದ ನೆತ್ತಿಗೆ ಅಂಟಿಕೊಂಡ ಅಂಗಾಮಿ ನಾಗಾ ಜನರ ಊರಿದು. 1879-80ರಲ್ಲಿ ಬ್ರಿಟಿಷರಿಗೆ ಬೆವರಿಳಿಸಿದ್ದು ಇದೇ ಊರು. ಒಳಗೆ ಕಾಲಿಡುವ ಮೊದಲು ಊರಿಗೆ ಪ್ರವೇಶ ಶುಲ್ಕ ಕಟ್ಟಬೇಕು, ಊರಿನವರನ್ನೇ ಗೈಡ್ ಆಗಿ ಕರೆದುಕೊಳ್ಳಬೇಕು. ದಾರಿಯುದ್ದಕ್ಕೂ ಬಿದಿರಿನ ಕಸದ ಬುಟ್ಟಿಗಳು. ನಮ್ಮ ಗೈಡ್ ಮಾತು ಕಡಿಮೆಯ ಮನುಷ್ಯ. ಹಕ್ಕಿಯ ವಿಷಯ ತೆಗೆದರೆ ಮಾತ್ರ ಬಾಯಿ ನಿಲ್ಲುತ್ತಿರಲಿಲ್ಲ.

ಹಕ್ಕಿ ಎಂದರೆ ಬ್ಲೈತ್ಸ್ ಟ್ರಾಗೋಪಾನ್. ಕಾಡುಕೋಳಿಯ ದೂರದ ನೆಂಟ, ನಾಗಾಲ್ಯಾಂಡಿನ ರಾಜ್ಯಪಕ್ಷಿ. ಗಂಡಿಗೆ ಕೆಂಡದ ಬಣ್ಣದ ಕುತ್ತಿಗೆ, ಹಳದಿ ಮುಖ. 1993ರಲ್ಲಿ ಈ ಒಂದು ಊರಿನವರೇ ಸುಮಾರು 300 ಹಕ್ಕಿಗಳನ್ನು ಮಾಂಸಕ್ಕಾಗಿ ಹೊಡೆದಿದ್ದರಂತೆ. ಬೇಟೆ ಅವರಿಗೆ ಬರೀ ಬಾಯಿರುಚಿಯಾಗಿರಲಿಲ್ಲ, ಗಂಡಸಿನ ಮರ್ಯಾದೆಯ ಪ್ರಶ್ನೆಯೂ ಆಗಿತ್ತು. ಶಿಕಾರಿಯ ಕಥೆ ಕೇಳುತ್ತಲೇ ಬೆಳೆದ ಮಲೆನಾಡಿನವಳಾದ ನನಗೆ ಆ ಹಟ ಎಂಥದ್ದೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಕೆಲವು ಹಿರಿಯರು ವರ್ಷಗಟ್ಟಲೆ ಮನೆಮನೆಯಲ್ಲಿ ವಾದ ಮಾಡಿ, ಬೈಸಿಕೊಂಡು, ಕೊನೆಗೂ ಒಪ್ಪಿಸಿದರು. 1998ರಲ್ಲಿ ಬೇಟೆ ನಿಂತಿತು. ಸುಮಾರು 20 ಚದರ ಕಿಲೋಮೀಟರ್ ಕಾಡನ್ನು ಊರೇ ಟ್ರಾಗೋಪಾನ್ ಧಾಮವೆಂದು ಮೀಸಲಿಟ್ಟಿತು.

ಅರಣ್ಯ ಇಲಾಖೆ ಹೊರಡಿಸಿದ ಆದೇಶವಲ್ಲ ಅದು. ನಾಗಾಲ್ಯಾಂಡಿನಲ್ಲಿ ಕಾಡಿನ ಬಹುಪಾಲು ಊರುಗಳದ್ದು, ಮನೆತನಗಳದ್ದು. ಭೂಮಿಯ ಮೇಲಿನ ಈ ಒಡೆತನಕ್ಕೆ ಸಂವಿಧಾನದ 371ಎ ವಿಧಿಯ ಕಾವಲಿದೆ. ತಮ್ಮದೇ ಕಾಡು, ತಮ್ಮದೇ ಕಟ್ಟುಪಾಡು. ಹಸಿರು ಗ್ರಾಮ ಎಂಬ ಬಿರುದು, ಪ್ರವಾಸಿಗರ ಜೀಪು, ಹೋಂಸ್ಟೇ ಬೋರ್ಡು ಎಲ್ಲ ಜೋರಾದದ್ದು 2005ರ ನಂತರ. ನನಗೆ ಮುಖ್ಯ ಅನ್ನಿಸಿದ್ದು ಈ ಹಿಂದುಮುಂದು. ಅತಿಥಿ ಬರುವ ಹೊತ್ತಿಗೆ ಊರಿನ ಕಟ್ಟಳೆಗೆ ಏಳು ವರ್ಷ ತುಂಬಿತ್ತು. ಬಂದವರು ಅದಕ್ಕೆ ಹೊಂದಿಕೊಂಡರು. ನಮ್ಮಲ್ಲಿ ಮೊದಲು ಜನ ಬಂದು, ಆಮೇಲೆ ಕಸ ಬಂದು, ಕಟ್ಟಕಡೆಗೆ ಸಭೆ ಸೇರುತ್ತೇವೆ.

ಗದ್ದೆಗಳ ಮೇಲಿನ ಇಳಿಜಾರಿನಲ್ಲಿ ಗೈಡ್ ಒಂದು ಆಲ್ಡರ್ ಮರ ತೋರಿಸಿದರು. ಬುಡ ಇಬ್ಬರು ತಬ್ಬುವಷ್ಟು ದಪ್ಪ. ಆಳೆತ್ತರದಲ್ಲಿ ತಲೆ ಕತ್ತರಿಸಿದ್ದಾರೆ, ಗಂಟುಗಂಟಾದ ಆ ತಲೆಯಿಂದ ಹತ್ತಾರು ಹೊಸ ಕೊಂಬೆ ಚಿಗುರಿವೆ. ಕೊಂಬೆ ಕಡಿದು ಸೌದೆ ಮಾಡಿಕೊಂಡು, ಸೊಪ್ಪುಸದೆ ಸುಟ್ಟ ಬೂದಿಯ ಮೇಲೆ ಒಂದೆರಡು ವರ್ಷ ಬೆಳೆ ತೆಗೆದು, ಆಮೇಲೆ ಜಾಗವನ್ನು ಪಾಳು ಬಿಡುತ್ತಾರೆ. ಮರ ಮತ್ತೆ ತುಂಬಿಕೊಳ್ಳುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಕಾಫಿ ತೋಟದಲ್ಲಿ ಹಾಲುವಾಣಕ್ಕೆ ಮರಗಸಿ ಮಾಡಿಸುವ ನಮಗೆ ಇದೇನು ಹೊಸ ವಿದ್ಯೆಯಲ್ಲ. ಆದರೆ ಮರವನ್ನು ಬುಡಸಮೇತ ಕೆಡವದೆ ತಲೆಮಾರುಗಟ್ಟಲೆ ಅದರ ನಡುವೆಯೇ ಗುಡ್ಡ ಬೇಸಾಯ ನಡೆಸಿದ್ದು ನೋಡಿ, ನಿಜ ಹೇಳಬೇಕೆಂದರೆ, ಹೊಟ್ಟೆಕಿಚ್ಚಾಯಿತು.

ಎಲ್ಲವೂ ಚೊಕ್ಕ ಎಂದೇನೂ ಅಲ್ಲ. ಡಿಸೆಂಬರ್ ಮೊದಲ ಹತ್ತು ದಿನ ಕಿಸಾಮಾದಲ್ಲಿ ಹಾರ್ನ್‌ಬಿಲ್ ಹಬ್ಬ. ಆಗ ಕೊಹಿಮಾ ಸುತ್ತಮುತ್ತ ವಾಹನಗಳದ್ದೇ ಜಾತ್ರೆ. ಮನೆಯಂಗಳದಲ್ಲಿ ಕೂತ ಅಜ್ಜಿಯ ಮುಖಕ್ಕೆ ಕ್ಯಾಮೆರಾ ಹಿಡಿದು, ಒಂದು ನಮಸ್ಕಾರವನ್ನೂ ಹೇಳದೆ ಮುಂದೆ ಹೋದವರನ್ನು ಕಂಡೆ. ಆಡಿದ್ದು ಕನ್ನಡ, ಇನ್ನೇನು ಹೇಳಲಿ. ಹೋಗುವ ಮನಸ್ಸಿದ್ದವರು ಆ ಹತ್ತು ದಿನ ಬಿಟ್ಟು ಹೋಗಿ, ಇನ್ನರ್ ಲೈನ್ ಪರ್ಮಿಟ್ ಮೊದಲೇ ಮಾಡಿಸಿಕೊಳ್ಳಿ. ಟ್ರಾಗೋಪಾನ್ ಕಂಡೇ ಬರುತ್ತೇನೆಂದು ಹರಕೆ ಹೊರಬೇಡಿ. ನನಗಂತೂ ಕಾಣಲಿಲ್ಲ.

ಉಳಿದುಕೊಂಡ ಮನೆಯಲ್ಲಿ ರಾತ್ರಿ ಗಾಲ್ಹೊ ಬಡಿಸಿದರು: ಅನ್ನ, ಸೊಪ್ಪು, ಹೊಗೆಯಾಡಿಸಿದ ಮಾಂಸ ಒಟ್ಟಿಗೆ ಬೆಂದ ಬಿಸಿ ಗಂಜಿ. ಅತಿಥಿಗಳಿಗೆ ಅವರಲ್ಲಿದ್ದದ್ದು ಎರಡೇ ಕೋಣೆ. “ಇನ್ನೂ ನಾಲ್ಕು ಕಟ್ಟಿಸಬಹುದಲ್ಲ ದೀದಿ?” ಎಂದೆ, ನನ್ನ ಹರಕು ಹಿಂದಿಯಲ್ಲಿ. ಒಲೆಗೆ ಸೌದೆ ಮುಂದೂಡುತ್ತಾ ಆಕೆ, “ಕಟ್ಟಿಸಬಹುದು. ಆಮೇಲೆ ಗದ್ದೆಗೆ ಹೋಗುವವರು ಯಾರು?” ಎಂದರು.