ಇಂಜಿನ್ ಬಿಸಿಯಾದರೆ ಮೊದಲು ನೀರಿನ ದಾರಿ ನೋಡಿ

ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ಆದರೂ ದೋಣಿ ಇಂಜಿನ್ನಿನ ಕಾಯಿಲೆ ನಮಗೆ ಹೊಸದಲ್ಲ. ವಿರೂಪಾಪುರಗಡ್ಡೆಯಿಂದ ಹಂಪಿಗೆ ಜನರನ್ನು ದಾಟಿಸುವ ಮೋಟಾರು ದೋಣಿ, ಮಲ್ಪೆಯ ಮೀನುಗಾರಿಕೆ ಬೋಟ್, ಗಂಗಾವತಿ ಕಡೆ ಹೊಳೆದಂಡೆಯಲ್ಲಿ ನಿಂತ ಹಳೆಯ ಡೀಸೆಲ್ ಪಂಪ್‌ಸೆಟ್ – ಇವೆಲ್ಲ ಒಂದೇ ಜಾತಿಯವು. ಹೊರಗಿನ ನೀರನ್ನು ಎಳೆದುಕೊಂಡು ತಮ್ಮ ಶಾಖವನ್ನು ಹೊರಹಾಕುತ್ತವೆ. ಆ ನೀರು ನಿಂತರೆ ದೋಣಿ ನಡುಹೊಳೆಯಲ್ಲಿ ಸೆಳವಿನ ಪಾಲಾಗುತ್ತದೆ. ಭತ್ತ ತೆನೆ ಕಟ್ಟುವ ಹೊತ್ತಿನಲ್ಲಿ ಗದ್ದೆ ಒಣಗುತ್ತದೆ.

ಡೀಸೆಲ್ ಉರಿದು ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಭಾಗ ಹೊಗೆಯೊಂದಿಗೆ ಹೋಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ತಂಪುಮಾಡುವ ನೀರು ಹೊರಬೇಕು. ಭೌತಶಾಸ್ತ್ರದ ಲೆಕ್ಕ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. 5 ಎಚ್‌ಪಿ ಇಂಜಿನ್ ಎಂದರೆ 3.7 ಕಿಲೋವ್ಯಾಟ್. ನೀರಿಗೂ ಅಷ್ಟೇ ಶಾಖ ಹೋಗುತ್ತದೆ ಎಂದುಕೊಂಡರೆ ನಿಮಿಷಕ್ಕೆ 222 ಕಿಲೋಜೌಲ್. ನಿಮಿಷಕ್ಕೆ 5 ಲೀಟರ್ ನೀರು ಹರಿದರೆ ಅದರ ಉಷ್ಣತೆ ಸುಮಾರು 10.5 ಡಿಗ್ರಿ ಏರುತ್ತದೆ. ಹರಿವು ಅರ್ಧವಾದರೆ 21 ಡಿಗ್ರಿ. ಹೊರಬರುವ ನೀರೇ ಇಂಜಿನ್ನಿನ ನಾಡಿ ಎನ್ನುವುದು ಇದಕ್ಕೇ.

ಇಂಜಿನ್ ಬಿಸಿಯಾದಾಗ ನಟ್ಟು ಬಿಚ್ಚಲು ಅವಸರ ಬೇಡ. ಅನುಭವಿ ಉಸ್ತಾದರು ಮೊದಲು ಹೊರಬರುವ ನೀರನ್ನು ನೋಡುತ್ತಾರೆ. ಅದು ಮೂರು ರೀತಿಯಲ್ಲಿ ಉತ್ತರ ಕೊಡುತ್ತದೆ.

1. ನೀರು ಬರುತ್ತಿಲ್ಲ, ಅಥವಾ ಸಣ್ಣಗೆ ಬರುತ್ತಿದೆ ಮತ್ತು ತುಂಬಾ ಬಿಸಿ ಇದೆ: ದಾರಿಯಲ್ಲಿ ಎಲ್ಲೋ ತಡೆಯಿದೆ. ನೀರು ಒಳಬರುವ ಕಡೆಯಿಂದ ಹುಡುಕಬೇಕು. ಜಾಲರಿಗೆ ಪಾಚಿ, ಪ್ಲಾಸ್ಟಿಕ್ ಚೀಲ ಅಂಟಿಕೊಂಡಿರಬಹುದು. ಹಳೆಯ ರಬ್ಬರ್ ಪೈಪು ಒಳಗೇ ಕುಸಿದಿರಬಹುದು. ಜೋಡಣೆ ಸಡಿಲವಾಗಿ ಗಾಳಿ ಎಳೆಯುತ್ತಿರಬಹುದು. ಬೆಲ್ಟು ಜಾರುತ್ತಿದೆಯೇ ನೋಡಿ. ದೋಣಿಯ ನೀರಿನ ಪಂಪಿನಲ್ಲಿ ರಬ್ಬರ್ ಇಂಪೆಲ್ಲರ್ ಇರುತ್ತದೆ. ಅದು ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಹಾಳಾಗುತ್ತದೆ. ರೆಕ್ಕೆ ಮುರಿದಿದ್ದರೆ ಹೊಸದು ಹಾಕಿದರಷ್ಟೇ ಸಾಲದು. ಮುರಿದ ತುಂಡುಗಳನ್ನು ಹುಡುಕಿ ತೆಗೆಯಬೇಕು. ಇಲ್ಲವಾದರೆ ಅವು ಮುಂದಿನ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಥರ್ಮೋಸ್ಟಾಟ್ ಇರುವ ಇಂಜಿನ್ನಾದರೆ ಅದನ್ನು ಬಿಚ್ಚಿ ನೀರಿನ ಪಾತ್ರೆಗೆ ಹಾಕಿ ಕಾಯಿಸಿ. ಅದರ ಮೇಲೆ ಬರೆದ ಉಷ್ಣತೆಯ ಸುಮಾರಿಗೆ ಬಾಯಿ ತೆರೆಯದಿದ್ದರೆ ಬದಲಿಸಿ.

2. ನೀರು ಧಾರಾಳವಾಗಿ ಬರುತ್ತಿದೆ, ತಣ್ಣಗೂ ಇದೆ, ಆದರೆ ಇಂಜಿನ್ ಕುದಿಯುತ್ತಿದೆ: ನೀರಿಗೆ ಶಾಖ ದಾಟುತ್ತಿಲ್ಲ. ಒಳಗೆ ಸುಣ್ಣದ ಪದರ ಕಟ್ಟಿದೆ ಎಂದು ಅನುಮಾನಿಸಬೇಕು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಲೋಹಕ್ಕೆ ಅಂಟುತ್ತದೆ. ಮನೆಯಲ್ಲಿ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಾಣುವ ಬಿಳಿ ಪೊರೆ ಇದೇ. ಲೋಹಕ್ಕೆ ಹೋಲಿಸಿದರೆ ಈ ಪದರದಲ್ಲಿ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ದುರ್ಬಲ ಆಮ್ಲ ಇದನ್ನು ಕರಗಿಸುತ್ತದೆ; ಆದರೆ ಅಲ್ಯೂಮಿನಿಯಂ ಭಾಗಗಳನ್ನೂ ತಿನ್ನುತ್ತದೆ. ಹಾಗಾಗಿ ಇದು ಬಲ್ಲವರೇ ಮಾಡಬೇಕಾದ ಕೆಲಸ. ಗೇಜ್ ಸುಳ್ಳು ಹೇಳುತ್ತಿಲ್ಲವೆಂದೂ ಖಚಿತಪಡಿಸಿಕೊಳ್ಳಿ.

3. ನೀರಿನ ಜೊತೆ ಗುಳ್ಳೆಗಳು ಬಿಡದೆ ಬರುತ್ತಿವೆ: ಒಳಬರುವ ಕಡೆ ಗಾಳಿ ಸೇರುತ್ತಿರಬಹುದು. ಅಲ್ಲಿ ಎಲ್ಲ ಬಿಗಿಯಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ, ಉರಿದ ಅನಿಲ ನೀರಿಗೆ ನುಗ್ಗುತ್ತಿರುವ ಸಾಧ್ಯತೆ ಹೆಚ್ಚು. ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದಕ್ಕೆ ನೀರು ಸೇರಿದೆ. ಮತ್ತೆ ಇಂಜಿನ್ ಚಾಲೂ ಮಾಡಲೇಬೇಡಿ.

ನೀರೆಲ್ಲ ಸರಿಯಿದ್ದರೆ ಭಾರದ ಕಡೆ ನೋಡಬೇಕು. ದೋಣಿಯ ಪಂಖಕ್ಕೆ ಬಲೆ ಸುತ್ತಿಕೊಂಡಿದ್ದರೂ ಇಂಜಿನ್ ಹೆಚ್ಚು ದುಡಿದು ಕಾಯುತ್ತದೆ. ಕಪ್ಪು ಹೊಗೆ ಅದರ ಸೂಚನೆ.

ಸಮುದ್ರದ ಬೋಟಿಗೆ ಇನ್ನೊಂದು ಶತ್ರು ಉಪ್ಪು ನೀರು. ಅದು ಲೋಹವನ್ನು ತಿನ್ನುತ್ತದೆ. ಅದಕ್ಕೆಂದೇ ಸತುವಿನ ತುಂಡೊಂದನ್ನು ಜೋಡಿಸಿರುತ್ತಾರೆ. ಸತು ಬೇಗ ಎಲೆಕ್ಟ್ರಾನ್ ಬಿಟ್ಟುಕೊಟ್ಟು ತಾನು ಸವೆದು ಉಳಿದ ಲೋಹವನ್ನು ಕಾಯುತ್ತದೆ. ದ್ವಿತೀಯ ಪಿಯುಸಿಯ ವಿದ್ಯುತ್ ರಸಾಯನಶಾಸ್ತ್ರದ ಪಾಠ ಅಲ್ಲಿ ಪ್ರತಿದಿನ ನಡೆಯುತ್ತಿರುತ್ತದೆ.

ಎರಡು ಮಾತು ಮರೆಯಬೇಡಿ. ಇಂಜಿನ್ ಬಿಸಿಯಿದ್ದಾಗ ರೇಡಿಯೇಟರಿನ ಅಥವಾ ನೀರಿನ ಟ್ಯಾಂಕಿನ ಮುಚ್ಚಳ ತೆರೆಯಬಾರದು. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ತೆರೆದೊಡನೆ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಹಾಗೆಯೇ ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬಾರದು. ಬೀಡುಕಬ್ಬಿಣ ಒಮ್ಮೆಲೇ ಕುಗ್ಗಿ ಬಿರುಕು ಬಿಡುತ್ತದೆ.

ನಿಮ್ಮ ಮನೆಯಲ್ಲಿ, ಹೊಲದಲ್ಲಿ ಇಂಥ ಹಳೆಯ ಇಂಜಿನ್ ಇದ್ದರೆ ಈ ಭಾನುವಾರ ಅದರ ಜಾಲರಿ ತೊಳೆಯಿರಿ. ಹೊರಬರುವ ನೀರನ್ನು ಒಂದು ನಿಮಿಷ ಬಕೆಟ್ಟಿಗೆ ಹಿಡಿದು ಅಳೆದು, ಗೋಡೆಯ ಮೇಲೆ ದಿನಾಂಕ ಸಮೇತ ಬರೆದಿಡಿ. ಮುಂದಿನ ತಿಂಗಳು ಅದೇ ವೇಗದಲ್ಲಿ ಇಂಜಿನ್ ಓಡಿಸಿ ಮತ್ತೆ ಅಳೆಯಿರಿ. ನೀರು ಕಡಿಮೆಯಾಗಿದ್ದರೆ, ಇಂಜಿನ್ ಕೆಡುವ ಮುನ್ನವೇ ನಿಮಗೆ ಸುದ್ದಿ ಸಿಕ್ಕಿದಂತೆ.