ಬ್ಯಾಟರಿ ಬದಲಿಸೋ ಮೊದಲು ಮೂರು ಅಳತೆ

ನಮ್ಮ ಗುಂಪಿನ ಗೆಳೆಯನೊಬ್ಬನ ಊರು ಚಿಟಗುಪ್ಪ. ವಾರವೆಲ್ಲ ಹಾಸ್ಟೆಲ್, ಶನಿವಾರ ಮನೆ. ಅವನ ಬೈಕು ಮಾತ್ರ ವಾರವೆಲ್ಲ ಮನೆ ಮುಂದಿನ ತಗಡಿನ ಶೆಡ್ಡಿನಲ್ಲೇ ನಿಂತಿರುತ್ತದೆ. ಶನಿವಾರ ಹೋಗಿ ಸೆಲ್ಫ್ ಬಟನ್ ಒತ್ತಿದರೆ 'ಟಿಕ್ ಟಿಕ್' ಅನ್ನುವ ಸದ್ದು, ಅಷ್ಟೇ. ಕಿಕ್ಕರ್ ಇಲ್ಲದ ಗಾಡಿ. ತಳ್ಳಿ ಸ್ಟಾರ್ಟ್ ಮಾಡೋಣ ಅಂದರೆ ಫ್ಯುಯೆಲ್ ಇಂಜೆಕ್ಷನ್. ಬ್ಯಾಟರಿ ಪೂರ್ತಿ ಇಳಿದಿದ್ದರೆ ಪೆಟ್ರೋಲ್ ಪಂಪೇ ಓಡುವುದಿಲ್ಲ, ತಳ್ಳಿದ್ದಷ್ಟೇ ಲಾಭ.

ಮೆಕ್ಯಾನಿಕ್ ಹತ್ತಿರ ಹೋದ. "ಬ್ಯಾಟ್ರಿ ಹೋಗ್ಯಾದ ತಮ್ಮಾ, ಹೊಸಾದು ಹಾಕ್ಸು" ಅಂದರು. ಹಾಕಿಸಿದ. ನಾಲ್ಕು ತಿಂಗಳಿಗೆ ಅದೂ ಹೋಯಿತು. ಇನ್ನೊಂದು ಹಾಕಿಸಿದ. ಎರಡಕ್ಕೂ ದುಡ್ಡು ಕೊಟ್ಟವರು ಅವರಪ್ಪ, ತೊಗರಿ ಮಾರಿದ ದುಡ್ಡಿನಲ್ಲಿ. ಒಂದೂವರೆ ತಿಂಗಳ ನಂತರ ಒಂದು ಗುರುವಾರ ರಾತ್ರಿ ಅವರವ್ವನಿಗೆ ಜ್ವರ ಏರಿ ಹುಮ್ನಾಬಾದಿಗೆ ಕರೆದುಕೊಂಡು ಹೋಗಬೇಕಾಯಿತು. ಅಪ್ಪ ಬಟನ್ ಒತ್ತಿದರು. ಮತ್ತದೇ ಟಿಕ್ ಟಿಕ್. ಪುಣ್ಯಕ್ಕೆ ಪಕ್ಕದ ಮನೆಯವರ ಆಟೊ ಇತ್ತು. ಅವ್ವ ಈಗ ಆರಾಮ ಇದ್ದಾರೆ. ಆದರೆ ಅವತ್ತು ಫೋನಿನಲ್ಲಿ ಅಪ್ಪ ಕೇಳಿದ್ದು ನಮಗೆಲ್ಲ ಚುಚ್ಚಿತು: "ಇಂಜಿನಿಯರಿಂಗ್ ಓದ್ಲತ್ತಿ, ಬ್ಯಾಟ್ರಿ ಯಾಕ ಹೋಗ್ಲತ್ತದ ಅಂತ ತಿಳಿಯಲ್ಲೇನು?"

ಆ ಶನಿವಾರ ನಾವು ನಾಲ್ಕು ಜನ ಒಂದು ಡಿಜಿಟಲ್ ಮಲ್ಟಿಮೀಟರ್ ಹಿಡಿದು ಚಿಟಗುಪ್ಪದ ಬಸ್ ಹತ್ತಿದೆವು. ಅಲ್ಲಿ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಗಾಡಿಗೂ ಇದೇ ಕ್ರಮ ನಡೆಯುತ್ತದೆ.

ಮನೆ ಮೇಲಿನ ಟ್ಯಾಂಕ್

ಬ್ಯಾಟರಿಯನ್ನು ಮನೆ ಮೇಲಿನ ನೀರಿನ ಟ್ಯಾಂಕ್ ಅಂದುಕೊಳ್ಳಿ. ಬೆಳಿಗ್ಗೆ ಎದ್ದಾಗ ಟ್ಯಾಂಕ್ ಖಾಲಿ ಇದ್ದರೆ ಕಾರಣ ಮೂರೇ. ಟ್ಯಾಂಕೇ ಸೋರುತ್ತಿದೆ, ಇಲ್ಲವೇ ಮೋಟಾರ್ ನೀರು ಏರಿಸುತ್ತಿಲ್ಲ, ಇಲ್ಲವೇ ಯಾರೋ ನಲ್ಲಿ ಬಿಟ್ಟು ಮಲಗಿದ್ದಾರೆ. ಬ್ಯಾಟರಿಗೂ ಅಷ್ಟೇ: ಚಾರ್ಜ್ ಹಿಡಿಯುತ್ತಿಲ್ಲ, ಗಾಡಿ ಚಾರ್ಜ್ ಮಾಡುತ್ತಿಲ್ಲ, ಅಥವಾ ಗಾಡಿ ನಿಂತಾಗಲೂ ಏನೋ ಕರೆಂಟ್ ಎಳೆಯುತ್ತಿದೆ. ಹೊಸ ಟ್ಯಾಂಕ್ ತಂದರೆ ಮೊದಲನೆಯ ತೊಂದರೆ ಮಾತ್ರ ಹೋಗುತ್ತದೆ. ಉಳಿದೆರಡರಲ್ಲಿ ಹೊಸ ಟ್ಯಾಂಕೂ ಖಾಲಿಯೇ. ಯಾವುದು ಅಂತ ಊಹಿಸಬೇಕಿಲ್ಲ, ಅಳೆಯಬಹುದು.

ಒಂದನೇ ಅಳತೆ: ಬ್ಯಾಟರಿ ಚಾರ್ಜ್ ಹಿಡಿಯುತ್ತದೆಯೇ?

12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಆರು ಸೆಲ್ ಇರುತ್ತವೆ. ಪೂರ್ತಿ ಚಾರ್ಜ್ ಆದ ಒಂದೊಂದು ಸೆಲ್‌ಗೆ ಸುಮಾರು 2.1 ವೋಲ್ಟ್. ಹಾಗಾಗಿ ತುಂಬಿದ ಬ್ಯಾಟರಿ 12.6ರಿಂದ 12.8 ತೋರಿಸಬೇಕು. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗೆ ಹೋದರೆ ಖಾಲಿಯ ಹತ್ತಿರ. "12 ವೋಲ್ಟ್ ತೋರಿಸ್ತಿದೆ, ಬ್ಯಾಟರಿ ಸರಿ ಇದೆ" ಅಂತ ನಾವೂ ಮೊದಲು ತಿಳಿದಿದ್ದೆವು. ಅದು ತಪ್ಪು.

ನಾವು ಹೋದಾಗ ಮೀಟರ್ ತೋರಿಸಿದ್ದು 10.9. ಬ್ಯಾಟರಿ ಬಿಚ್ಚಿ ರಾತ್ರಿಯಿಡೀ ಚಾರ್ಜರ್‌ಗೆ ಹಾಕಿದೆವು. ಚಾರ್ಜಿಂಗ್ ಕರೆಂಟ್ ಬ್ಯಾಟರಿಯ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗದಷ್ಟಿದ್ದರೆ ಸಾಕು. ಇದು 5 ಆಂಪಿಯರ್-ಅವರ್ ಬ್ಯಾಟರಿ, ಅರ್ಧ ಆಂಪಿಯರ್ ಇಟ್ಟೆವು. ಚಾರ್ಜರ್ ತೆಗೆದ ತಕ್ಷಣ ಅಳೆಯಬೇಡಿ, ಆಗ ವೋಲ್ಟೇಜ್ ಸುಳ್ಳೇ ಜಾಸ್ತಿ ಕಾಣುತ್ತದೆ. ಎರಡು-ಮೂರು ಗಂಟೆ ಬಿಟ್ಟು ನೋಡಿದೆವು: 12.6. ಬೈಕಿಗೆ ಜೋಡಿಸಿ, ಒಬ್ಬ ಸೆಲ್ಫ್ ಒತ್ತುವಾಗ ಇನ್ನೊಬ್ಬ ಮೀಟರ್ ನೋಡಿದ: 10.4ಕ್ಕೆ ಇಳಿದು ಎಂಜಿನ್ ಎದ್ದಿತು. ತುಂಬಿದ ಬ್ಯಾಟರಿ ಆ ಹೊತ್ತಿನಲ್ಲಿ ಸುಮಾರು 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ ಅಂತ ಅರ್ಥ. ನಮ್ಮದು ಪಾಸ್.

ಎರಡನೇ ಅಳತೆ: ಗಾಡಿ ಚಾರ್ಜ್ ಮಾಡುತ್ತದೆಯೇ?

ಎಂಜಿನ್ ತಿರುಗುವಾಗ ಸ್ಟೇಟರ್, ಅಂದರೆ ಮೆಕ್ಯಾನಿಕ್‌ಗಳು 'ಮ್ಯಾಗ್ನೆಟ್ ಕಾಯಿಲ್' ಅನ್ನುವ ಭಾಗ, ಎ.ಸಿ. ಕರೆಂಟ್ ಹುಟ್ಟಿಸುತ್ತದೆ. ರೆಗ್ಯುಲೇಟರ್-ರೆಕ್ಟಿಫೈಯರ್ ಅದನ್ನು ಡಿ.ಸಿ. ಮಾಡಿ, ಮಿತಿಯಲ್ಲಿಟ್ಟು ಬ್ಯಾಟರಿಗೆ ಕೊಡುತ್ತದೆ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಮೀಟರ್ ಇಡಿ. ರೇಸ್ ಕೊಟ್ಟಾಗ 13.5ರಿಂದ 14.8ರ ನಡುವೆ ಇರಬೇಕು. ರೇಸ್ ಕೊಟ್ಟರೂ 12ರ ಆಸುಪಾಸಿನಲ್ಲೇ ನಿಂತರೆ ಸ್ಟೇಟರ್, ರೆಗ್ಯುಲೇಟರ್ ಅಥವಾ ನಡುವಿನ ಕಪ್ಲರ್ ಕೆಟ್ಟಿದೆ. ಮೊದಲು ಕಪ್ಲರ್ ಬಿಚ್ಚಿ ನೋಡಿ. ಸುಟ್ಟು ಕಂದಾಗಿರುವುದು, ಹಸಿರು ತುಕ್ಕು ಹಿಡಿದಿರುವುದು ಕಣ್ಣಿಗೇ ಕಾಣುತ್ತದೆ. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಅದು ಬ್ಯಾಟರಿಯನ್ನು ಕುದಿಸಿ ಕೊಲ್ಲುತ್ತದೆ.

ನಮ್ಮ ಗಾಡಿಯಲ್ಲಿ ಐಡಲ್‌ನಲ್ಲಿ 13.3, ರೇಸ್ ಕೊಟ್ಟಾಗ 14.2. ಇದೂ ಪಾಸ್. ಅಲ್ಲಿಗೆ ಗೆಳೆಯನ ಮುಖ ಸಣ್ಣದಾಯಿತು, ಎಲ್ಲ ಸರಿ ಇದ್ದರೆ ತಪ್ಪೆಲ್ಲಿ ಅಂತ.

ಮೂರನೇ ಅಳತೆ: ನಿಂತಾಗ ಏನಾದರೂ ಎಳೆಯುತ್ತಿದೆಯೇ?

ಇಗ್ನಿಷನ್ ಆಫ್ ಮಾಡಿ, ಕೀ ತೆಗೆದೆವು. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಆ ವೈರಿಗೂ ನೆಗೆಟಿವ್ ಟರ್ಮಿನಲ್‌ಗೂ ನಡುವೆ ಮೀಟರನ್ನು ಸೀರೀಸ್‌ನಲ್ಲಿ ಜೋಡಿಸಿದೆವು. ಇಲ್ಲಿ ಎರಡು ಎಚ್ಚರಿಕೆ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ ಶುರು ಮಾಡಿ. ಕರೆಂಟ್ ಕಡಿಮೆ ಅಂತ ಖಾತ್ರಿಯಾದ ಮೇಲೆ ಮಿಲಿಆಂಪಿಯರ್‌ಗೆ ಬನ್ನಿ. ಮೀಟರ್ ಹೀಗೆ ಜೋಡಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಒತ್ತಬೇಡಿ. ಕೆಲಸ ಮುಗಿದ ಮೇಲೆ ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಟರ್ಮಿನಲ್ ಮುಟ್ಟಿಸಿದರೆ ನೇರ ಶಾರ್ಟ್.

ಕೀ ತೆಗೆದ ಇಂಥ ಬೈಕಿನಲ್ಲಿ ಗಡಿಯಾರ, ಇ.ಸಿ.ಯು. ಸೇರಿ ಒಂದೆರಡು ಮಿಲಿಆಂಪಿಯರ್ ಹೋದರೆ ಸಹಜ. ನಮಗೆ ಕಂಡಿದ್ದು 54.

ಸಣ್ಣದು ಅನಿಸಬಹುದು, ಲೆಕ್ಕ ಹಾಕಿ. 5 ಆಂಪಿಯರ್-ಅವರ್ ಅನ್ನು 0.054 ಆಂಪಿಯರ್‌ನಿಂದ ಭಾಗಿಸಿದರೆ ಸುಮಾರು 93 ಗಂಟೆ. ಅಂದರೆ ನಾಲ್ಕು ದಿನವೂ ಇಲ್ಲ. ಭಾನುವಾರ ಸಂಜೆ ನಿಲ್ಲಿಸಿದ ಗಾಡಿ ಗುರುವಾರ ರಾತ್ರಿ ಏಕೆ ಏಳಲಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇತ್ತು.

ಫ್ಯೂಸ್ ಒಂದೊಂದೇ ತೆಗೆದೆವು, ಅಂಕಿ ಕದಲಲಿಲ್ಲ. ಹಾಗಾದರೆ ಫ್ಯೂಸ್ ದಾಟಿ ನೇರ ಬ್ಯಾಟರಿಯಿಂದಲೇ ಯಾವುದೋ ವೈರ್ ಹೋಗಿದೆ. ಸೀಟ್ ಬಿಚ್ಚಿದೆವು. ಹ್ಯಾಂಡಲ್ ಮೇಲಿನ ಮೊಬೈಲ್ ಚಾರ್ಜರಿನ ವೈರ್ ಸಿಕ್ಕಿತು. ಬಿಚ್ಚಿದರೆ 54 ಹೋಗಿ 41 ಆಯಿತು. ಇನ್ನೊಂದು ವೈರ್ ಹಿಡಿದು ಹೋದರೆ ಟೇಪ್ ಸುತ್ತಿದ ಒಂದು ಕಪ್ಪು ಡಬ್ಬಿ. ಗೆಳೆಯ ತಲೆ ಚಚ್ಚಿಕೊಂಡ: ಎರಡು ವರ್ಷದ ಹಿಂದೆ ಹಾಕಿಸಿದ ಕಳ್ಳತನದ ಅಲಾರಂ! ಸೈರನ್ ಕೆಟ್ಟಿತ್ತು, ರಿಮೋಟ್ ಕಳೆದಿತ್ತು, ಡಬ್ಬಿ ಮಾತ್ರ ಹಗಲು ರಾತ್ರಿ ರಿಮೋಟಿನ ದಾರಿ ಕಾಯುತ್ತಿತ್ತು. ಅದನ್ನೂ ಬಿಚ್ಚಿದೆವು. ಮೀಟರ್: 1.

ಹೊಸ ಬ್ಯಾಟರಿ ಯಾಕೆ ಸತ್ತಿತು?

ಲೆಡ್-ಆಸಿಡ್ ಬ್ಯಾಟರಿ ಡಿಸ್ಚಾರ್ಜ್ ಆಗುವಾಗ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ. ಖಾಲಿಯಾಗಿಯೇ ದಿನಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಆಮೇಲೆ ಚಾರ್ಜಿಂಗ್‌ಗೂ ಬಗ್ಗುವುದಿಲ್ಲ. ಇದೇ ಸಲ್ಫೇಷನ್. ವಾರ ವಾರ ಪೂರ್ತಿ ಖಾಲಿ ಆದ ಬ್ಯಾಟರಿ ನಾಲ್ಕು ತಿಂಗಳು ಬಾಳಿದ್ದೇ ಹೆಚ್ಚು. ಬೇಸಿಗೆಯ ಬಿಸಿಲಿಗೆ ಕಾದ ತಗಡಿನ ಶೆಡ್ಡು ಈ ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ, ಯಾಕೆಂದರೆ ಶಾಖ ಹೆಚ್ಚಿದಷ್ಟೂ ಬ್ಯಾಟರಿ ತಾನಾಗಿ ಇಳಿಯುವ ವೇಗವೂ ಹೆಚ್ಚು. ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ, ಬ್ಯಾಟರಿ ನಿಜಕ್ಕೂ ಹೋಗಿತ್ತು. ಆದರೆ ಅದು ಕಾರಣ ಅಲ್ಲ, ಪರಿಣಾಮ.

ನಾವು ಮಾಡಿದ ರಿಪೇರಿ ಇಷ್ಟೇ: ಅಲಾರಂ ಡಬ್ಬಿ ಕಿತ್ತೆವು. ಮೊಬೈಲ್ ಚಾರ್ಜರನ್ನು ಒಂದು ಫ್ಯೂಸ್ ಸೇರಿಸಿ, ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರಿಗೆ ಜೋಡಿಸಿದೆವು.

ನೆನಪಿಡಬೇಕಾದ್ದು

ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಇಲ್ಲದಿದ್ದರೆ ಪಾನಾ ಚಾಸಿಗೆ ತಾಗಿ ಕಿಡಿ ಹಾರುತ್ತದೆ.

ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿ ಆಡುವ ಜಾಗದಲ್ಲಿಡಿ, ಹತ್ತಿರ ಬೆಂಕಿ ಬೇಡ.

ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು 'ಚೆಕ್' ಮಾಡುವ ಹಳೇ ಪದ್ಧತಿ ಬಿಟ್ಟುಬಿಡಿ. ವೋಲ್ಟೇಜ್ ಜಿಗಿದು ಇ.ಸಿ.ಯು. ಸುಡಬಹುದು.

ನೀರು ಹಾಕುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಮೇಲಿನ ಗೆರೆ ದಾಟದಂತೆ. ಸೀಲ್ ಆದದ್ದನ್ನು ತೆರೆಯಲೇಬೇಡಿ.

2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುತ್ತದೆ. 35 ವ್ಯಾಟ್ ಬಲ್ಬ್ ಅಂದರೆ ಹತ್ತಿರ ಹತ್ತಿರ 3 ಆಂಪಿಯರ್. ಹಾಸ್ಟೆಲ್‌ನಿಂದ ಕ್ಯಾಂಟೀನ್‌ವರೆಗಿನ ಓಡಾಟದಲ್ಲಿ ಬ್ಯಾಟರಿ ತುಂಬುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇಗೆ ಕರೆದೊಯ್ಯಿರಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ನೆಗೆಟಿವ್ ವೈರ್ ಬಿಚ್ಚಿಡಿ.

ಮಿಡ್ ಸೆಮ್ ಪರೀಕ್ಷೆ ಅಂತ ಗೆಳೆಯ ಆಮೇಲೆ ಮೂರು ವಾರ ಊರಿಗೆ ಹೋಗಲಿಲ್ಲ. ಹೋದ ದಿನ ಬೆಳಿಗ್ಗೆ ಅಪ್ಪನನ್ನೇ ಕರೆದು ಬಟನ್ ಒತ್ತಿಸಿದನಂತೆ. ಒಂದೇ ಸಲಕ್ಕೆ ಎದ್ದಿತು. ಅಪ್ಪ ಜಾಸ್ತಿ ಏನೂ ಹೇಳಲಿಲ್ಲ. "ಆ ಮೀಟರ್ ಎಷ್ಟಕ್ಕ ಬರ್ತದ? ನಮ್ಮ ಹೊಲದ ಮೋಟಾರೂ ಒಮ್ಮೆ ನೋಡ್ರಿ" ಅಂದರಂತೆ. ಮುಂದಿನ ರಜೆಗೆ ನಮ್ಮ ಕೆಲಸ ಗೊತ್ತಾಯಿತು.