ಕೀಮೋ ಮಾತ್ರೆ ನುಂಗುವಾಗ ಎದೆ ನೋವು ಬಂದರೆ

ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೂ ಹರಡಿದೆ ಎಂದಾಗ ಊರಿನಿಂದ ಅಪ್ಪನನ್ನೋ ಅತ್ತೆಯನ್ನೋ ಮುಂಬೈಗೆ ಕರೆತಂದು, ಟಾಟಾ ಆಸ್ಪತ್ರೆಗೆ ತೋರಿಸಿ, ಮನೆಯಲ್ಲೇ ಇರಿಸಿಕೊಳ್ಳುತ್ತೀರಿ. ಹೃದಯದ ಡಾಕ್ಟರಿಗೆ ಇಲ್ಲೇನು ಕೆಲಸ ಎನ್ನಬೇಡಿ.

ಈ ಕಾಯಿಲೆಗೆ ಹೆಚ್ಚಾಗಿ ಕೊಡುವುದು ಫೈವ್-ಎಫ್‌ಯು. ಸಣ್ಣ ಪಂಪಿನಿಂದ 46 ಗಂಟೆ ಹರಿಸುತ್ತಾರೆ. ಮಾತ್ರೆಯಾದರೆ ಕೆಪೆಸಿಟಾಬಿನ್, ಸಾಮಾನ್ಯವಾಗಿ 14 ದಿನ ನುಂಗಿ 7 ದಿನ ಬಿಡುವು. ಮೈಯೊಳಗೆ ಅದೂ ಫೈವ್-ಎಫ್‌ಯು ಆಗುತ್ತದೆ. ಕೆಲವರಲ್ಲಿ ಇದು ಹೃದಯದ ರಕ್ತನಾಳವನ್ನು ಹಿಂಡಿದಂತೆ ಬಿಗಿಯುತ್ತದೆ. ಬ್ಲಾಕ್ ಇಲ್ಲದವರಿಗೂ ಆಗಬಹುದು, ಅದೂ ಹೆಚ್ಚಾಗಿ ಮೊದಲ ಸುತ್ತಿನ ಮೊದಲ ಕೆಲವು ದಿನಗಳಲ್ಲೇ.

ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. "ಗ್ಯಾಸ್ ಇರಬೇಕು, ಮಕ್ಕಳಿಗೆ ಯಾಕೆ ತೊಂದರೆ" ಎಂದು ಜೀರಿಗೆ ಕಷಾಯ ಕುಡಿದು ಮಲಗಿಬಿಡುತ್ತಾರೆ. ದಿನಾ ನೀವೇ ಕೇಳಿ. ಎದೆ ಹಿಡಿದಂತಿದ್ದರೆ ಮುಂದಿನ ಮಾತ್ರೆ ಬೇಡ, ಹತ್ತಿರದ ಎಮರ್ಜೆನ್ಸಿಗೆ ಹೊರಡಿ. ಪಂಪ್ ಇದ್ದರೆ ಹೋಗುತ್ತಲೇ ಕೀಮೋ ವಾರ್ಡಿಗೆ ಫೋನ್ ಮಾಡಿ. ಟಾಟಾಗೇ ಹೋಗಬೇಕೆಂದು ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳಬೇಡಿ. ಅಪ್ಪನಿಗೆ ಮರಾಠಿ, ಹಿಂದಿ ಬಾರದಿದ್ದರೆ ಮಾತ್ರೆಯ ಹೆಸರು ಬರೆದ ಚೀಟಿ ಅವರ ಜೇಬಿನಲ್ಲೇ ಇರಲಿ. ಇಸಿಜಿ ನೋಡುವ ಡಾಕ್ಟರಿಗೆ ಅದು ಮೊದಲು ಗೊತ್ತಾಗಬೇಕು.

ನೋವು ನಿಂತಿತೆಂದು ನೀವಾಗಿ ಮತ್ತೆ ಶುರು ಮಾಡಬೇಡಿ, ಮರುಕಳಿಸಬಹುದು. ಕ್ಯಾನ್ಸರ್‌ಗೆ ಬೇರೆ ಔಷಧಗಳೂ ಇವೆ. ಯಾವುದೆಂದು ಕ್ಯಾನ್ಸರ್ ಡಾಕ್ಟರು, ಹೃದಯದ ಡಾಕ್ಟರು ಕೂಡಿ ತೀರ್ಮಾನಿಸುತ್ತಾರೆ.